ಬಿಡಿಯಲ್ಲಿ ಇಡಿಯ ದರ್ಶನ



ಶರನ್ನವರಾತ್ರಿಯ ಈ ಪುಣ್ಯಕಾಲದಲ್ಲಿ ಗುಜರಾತಿನ ಓಣಿ ಓಣಿಗಳಲ್ಲಿಯೂ ಮಣ್ಣಿನ ಗಡಿಗೆಯೊಂದು ಬೆಳಗುತ್ತಿರುತ್ತದೆ. ಸುತ್ತಲೂ ರಂಧ್ರಗಳನ್ನು ಕೊರೆದು, ಒಳಗೆ ದೀಪವನ್ನಿರಿಸಿದ ಆ ಗಡಿಗೆಗೆ ಇಲ್ಲಿಯವರು 'ಗರಬೋ' ಎನ್ನುತ್ತಾರೆ. ನಮಗೆಲ್ಲ ಪರಿಚಿತವಾದ 'ಗರ್ಭ' ಎಂಬ ಶಬ್ದವೇ ಇದರ ಮೂಲ. ದೂರದಿಂದ ನೋಡುವವನಿಗೆ ಅಲ್ಲಿ ಕಾಣುವುದು ಹತ್ತಾರು ಬೆಳಕಿನ ಚುಕ್ಕೆಗಳು. ಬಗ್ಗಿ ಒಳಗೆ ನೋಡಿದವನಿಗೆ ಕಾಣುವುದು ಒಂದೇ ಸೊಡರು. ಇತ್ತ ನಮ್ಮ ಮನೆಗಳಲ್ಲಿ ಬೊಂಬೆಗಳನ್ನು ಹಂತ ಹಂತವಾಗಿ ಜೋಡಿಸುತ್ತೇವೆ. ಪಟ್ಟದ ಬೊಂಬೆ, ಶೆಟ್ಟರ ಅಂಗಡಿ, ಆನೆ ಅಂಬಾರಿ, ದಶಾವತಾರ ಇವುಗಳಲ್ಲಿ ಯಾವುದೊಂದನ್ನು ಬೇರ್ಪಡಿಸಿ ಕೈಯಲ್ಲಿ ಹಿಡಿದರೂ ಅದು ಬರಿಯ ಆಟಿಕೆ. ಎಲ್ಲವೂ ತಮ್ಮ ತಮ್ಮ ಸ್ಥಾನದಲ್ಲಿ ಕುಳಿತಾಗ ಮಾತ್ರ ಅದು ಪೂಜೆಗೆ ಅರ್ಹವಾದ ಲೋಕ.

ಬಿಡಿಗಳು ಕೂಡಿದಾಗ ಹುಟ್ಟುವ ಈ 'ಇಡಿ' ಎಂಬುದು ಏನು? ಅದು ಬರಿಯ ರಾಶಿಯೋ ಅಥವಾ ಪ್ರಾಣವುಳ್ಳ ಶರೀರವೋ? ಇದು ಪಂಡಿತರ ವಾಗ್ವಾದಕ್ಕಷ್ಟೇ ಸೇರಿದ ಪ್ರಶ್ನೆಯಲ್ಲ. ನಾವು ಹೇಗೆ ಬಾಳಬೇಕು, ನಮ್ಮ ಕರ್ಮಫಲ ಎಲ್ಲಿಯವರೆಗೆ ಹಬ್ಬುತ್ತದೆ ಎಂಬುದು ಇದರ ಉತ್ತರವನ್ನು ಅವಲಂಬಿಸಿದೆ. ದೇವಿಯ ಕಥೆಗಳ ಹಾಗೂ ನಾವು ಬಾಳುತ್ತಿರುವ ಈ ಮೂರು ನಗರಗಳ ಅನುಭವದ ಬೆಳಕಿನಲ್ಲಿ ಇದನ್ನು ತುಸು ಚಿಂತಿಸೋಣ.

ಶ್ರೀಮದ್ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಶ್ರೀಕೃಷ್ಣನು ಜ್ಞಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತಾನೆ. ಬೇರೆ ಬೇರೆಯಾಗಿ ಕಾಣುವ ಸಕಲ ಭೂತಗಳಲ್ಲಿಯೂ ಒಡೆಯದೆ ಇರುವ ಒಂದು ಅವ್ಯಯ ತತ್ತ್ವವನ್ನು ಕಾಣುವುದು ಸಾತ್ತ್ವಿಕ ಜ್ಞಾನ. ಪ್ರತಿಯೊಂದನ್ನೂ ಬೇರೆ, ಬೇರೆ ಎಂದೇ ಅರಿಯುವುದು ರಾಜಸ ಜ್ಞಾನ. ಯಾವುದೋ ಒಂದು ಕಾರ್ಯಕ್ಕೆ ಅಂಟಿಕೊಂಡು, ಕಾರಣವನ್ನು ವಿಚಾರಿಸದೆ, ಅದೇ ಸರ್ವಸ್ವವೆಂದು ತಿಳಿಯುವುದು ತಾಮಸ ಜ್ಞಾನ. ತಾಮಸನು ಅಜ್ಞಾನಿಯೆಂದು ಭಗವಂತನು ಇಲ್ಲಿ ಹೇಳಲಿಲ್ಲ ಎಂಬುದು ಗಮನಾರ್ಹ. ಅವನಿಗೂ ಜ್ಞಾನವಿದೆ, ಆದರೆ ಅದು ತುಣುಕಿನ ಜ್ಞಾನ. ತುಣುಕನ್ನೇ ಇಡಿಯೆಂದು ಭ್ರಮಿಸಿದುದೇ ಅವನ ದೋಷ.

ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ವಿದ್ವಾಂಸರೂ ಬೇರೊಂದು ದಾರಿಯಿಂದ ಇದೇ ಬಾಗಿಲಿಗೆ ಬಂದು ನಿಂತರು. ವಸ್ತುವನ್ನು ತುಂಡರಿಸಿ ನೋಡಿದರೆ ಎಲ್ಲವೂ ತಿಳಿಯುತ್ತದೆಂಬ ನಂಬಿಕೆ ಅಲ್ಲಿ ಬಹುಕಾಲ ಪ್ರಬಲವಾಗಿತ್ತು. ಇಡಿಯು ಬಿಡಿಗಳ ಮೊತ್ತಕ್ಕಿಂತ ಮಿಗಿಲು ಎಂಬ ವಿಚಾರಕ್ಕೆ ಜಾನ್ ಸ್ಮಟ್ಸ್ ಎಂಬವರು 1926ರ ತಮ್ಮ ಗ್ರಂಥದಲ್ಲಿ 'ಹೋಲಿಸಂ' ಎಂಬ ಹೆಸರನ್ನಿತ್ತರು. ನಾರ್ಬರ್ಟ್ ವೀನರ್ ಎಂಬ ಗಣಿತಜ್ಞರು 1948ರಲ್ಲಿ, ಕಾರ್ಯದ ಫಲವು ಮರಳಿ ಬಂದು ಕಾರಣವನ್ನೇ ತಿದ್ದುವ ಬಗೆಯನ್ನು ವಿವರಿಸಿದರು. ಲುಡ್ವಿಗ್ ಫಾನ್ ಬರ್ಟಲನ್ಫಿ ಎಂಬ ಜೀವಶಾಸ್ತ್ರಜ್ಞರು ಜೀವಕೋಶಕ್ಕೂ ಸಮಾಜಕ್ಕೂ ಅನ್ವಯಿಸಬಲ್ಲ ಸಾಮಾನ್ಯ ವ್ಯವಸ್ಥಾ ಸಿದ್ಧಾಂತವನ್ನು 1968ರಲ್ಲಿ ಗ್ರಂಥರೂಪಕ್ಕೆ ತಂದರು. ಇದನ್ನೇ ಇಂದು 'ಸಿಸ್ಟಮ್ಸ್ ಥಿಂಕಿಂಗ್' ಎನ್ನುತ್ತಾರೆ. ನಾವು ಇದನ್ನು ಸಮಷ್ಟಿ ಚಿಂತನೆ ಎಂದು ಕರೆಯೋಣ.

ನಮ್ಮ ದಾರ್ಶನಿಕರು ಈ ವಿಷಯವನ್ನು ಎಷ್ಟು ಸೂಕ್ಷ್ಮವಾಗಿ ಜಾಲಾಡಿದ್ದಾರೆಂಬುದನ್ನು ನೆನೆದರೆ ಆಶ್ಚರ್ಯವಾಗುತ್ತದೆ. ನೂಲುಗಳು ಸೇರಿ ಬಟ್ಟೆಯಾದಾಗ, ಬಟ್ಟೆ ಎಂಬುದು ನೂಲಿಗಿಂತ ಬೇರೆಯಾದ ಹೊಸ ಪದಾರ್ಥವೆಂದು ನೈಯಾಯಿಕರು ವಾದಿಸಿದರು. ಅವರು ನೂಲನ್ನು ಅವಯವ ಎಂದೂ ಬಟ್ಟೆಯನ್ನು ಅವಯವಿ ಎಂದೂ ಕರೆದರು. ಹಾಗಲ್ಲ, ಚಕ್ರ, ಅಚ್ಚು, ನೊಗಗಳನ್ನು ಬಿಟ್ಟರೆ ರಥವೆಂಬುದು ಬರಿಯ ಹೆಸರೆಂದು ಬೌದ್ಧರು ಉತ್ತರಿಸಿದರು. ಸತ್ತ್ವ, ರಜಸ್, ತಮಸ್ಸುಗಳ ಸಮತೋಲವೇ ಪ್ರಕೃತಿ, ಆ ತೋಲ ಅಲುಗಿದುದೇ ಸೃಷ್ಟಿ ಎಂದು ಸಾಂಖ್ಯರು ಹೇಳಿದರು. ನಮ್ಮ ಮೇಲುಕೋಟೆಯಲ್ಲಿ ನೆಲೆಸಿ ಚೆಲುವನಾರಾಯಣನನ್ನು ಸೇವಿಸಿದ ಶ್ರೀ ರಾಮಾನುಜಾಚಾರ್ಯರು ಚೇತನಾಚೇತನ ಪ್ರಪಂಚವೆಲ್ಲವೂ ಭಗವಂತನ ಶರೀರ, ಅವನು ಅದರ ಆತ್ಮ ಎಂದು ಸಾರಿದರು. ಉಡುಪಿಯ ಶ್ರೀ ಮಧ್ವಾಚಾರ್ಯರು ಜೀವ ಜೀವಕ್ಕೂ ಭೇದವುಂಟು, ಆ ಭೇದ ಸತ್ಯ, ಆದರೂ ಎಲ್ಲವೂ ಸ್ವತಂತ್ರನಾದ ಒಬ್ಬನಿಗೆ ಅಧೀನ ಎಂದು ಪ್ರತಿಪಾದಿಸಿದರು.

ಈ ಮತಗಳಲ್ಲಿ ಪರಸ್ಪರ ವಿರೋಧವಿರುವುದು ನಿಜ. ಆದರೆ ಒಂದು ಮಾತಿನಲ್ಲಿ ಇವರೆಲ್ಲರೂ ಸಮ್ಮತರು: ಯಾವ ಬಿಡಿಯೂ ತನ್ನಷ್ಟಕ್ಕೆ ತಾನು ನಿಂತಿಲ್ಲ. ಬ್ಯಾಂಕಿನ ಗುಮಾಸ್ತೆಯಾದ ನನಗೆ ಈ ತತ್ತ್ವ ದಿನವೂ ಕಣ್ಣಿಗೆ ಬೀಳುವಂಥದು. ಲೆಕ್ಕದ ಪುಸ್ತಕದಲ್ಲಿ ಒಂಟಿ ನಮೂದು ಎಂಬುದಿಲ್ಲ. ಒಂದು ಕಡೆ ಜಮೆಯಾದರೆ ಮತ್ತೊಂದು ಕಡೆ ಖರ್ಚು ಬೀಳಲೇಬೇಕು. ದಪ್ಪ ಲೆಡ್ಜರುಗಳು ಹೋಗಿ ಗಣಕಯಂತ್ರಗಳು ಬಂದರೂ ಈ ನಿಯಮ ಬದಲಾಗಿಲ್ಲ. ಹಣ ನನ್ನ ಕೈಬಿಟ್ಟಿತು ಎಂದ ಮಾತ್ರಕ್ಕೆ ಅದು ಲೋಕದಿಂದ ಮಾಯವಾಗುವುದಿಲ್ಲ. ಕರ್ಮವೂ ಹಾಗೆಯೇ.

ಇನ್ನು ದೇವಿಯ ಕಥೆಗೆ ಬರೋಣ. ಮಹಿಷಾಸುರನಿಂದ ಸೋತು ಸ್ವರ್ಗವನ್ನು ಕಳೆದುಕೊಂಡ ದೇವತೆಗಳಲ್ಲಿ ಯಾರು ಅಲ್ಪರು? ವಜ್ರಾಯುಧದ ಇಂದ್ರ, ಪಾಶಧರನಾದ ವರುಣ, ದಂಡಧರನಾದ ಯಮ ಎಲ್ಲರೂ ತಮ್ಮ ತಮ್ಮ ಅಧಿಕಾರದಲ್ಲಿ ಸಮರ್ಥರೇ. ಆದರೂ ಯುದ್ಧದಲ್ಲಿ ಎಲ್ಲರೂ ಸೋತರು. ಆಗ ಅವರ ಶರೀರಗಳಿಂದ ಹೊರಟ ತೇಜಸ್ಸು ಒಂದುಗೂಡಿ, ಉರಿಯುವ ಪರ್ವತದಂತೆ ಬೆಳೆದು, ಸ್ತ್ರೀರೂಪವನ್ನು ತಾಳಿತೆಂದು ದೇವೀ ಮಾಹಾತ್ಮ್ಯೆಯ ಎರಡನೆಯ ಅಧ್ಯಾಯ ವರ್ಣಿಸುತ್ತದೆ. ಶಿವನ ತೇಜಸ್ಸು ಮುಖವಾಯಿತು, ವಿಷ್ಣುವಿನ ತೇಜಸ್ಸು ಬಾಹುಗಳಾದವು, ಬ್ರಹ್ಮನದು ಪಾದಗಳಾದವು. ಆಮೇಲೆ ಒಬ್ಬೊಬ್ಬರೂ ತಮ್ಮ ಆಯುಧದಿಂದ ಮತ್ತೊಂದನ್ನು ತೆಗೆದು ಆಕೆಗೆ ಕೊಟ್ಟರು. ಇಲ್ಲಿ ಹುಟ್ಟಿದ ಶಕ್ತಿ ದೇವತೆಗಳ ಬಲದ ಮೊತ್ತವಲ್ಲ. ಮೊತ್ತವೇ ಆಗಿದ್ದರೆ ಅವರು ಒಟ್ಟಾಗಿ ಹೋರಾಡಿದ ದಿನವೇ ಗೆಲ್ಲಬೇಕಾಗಿತ್ತು. ಕೂಡುವಿಕೆಯಿಂದಲೇ ಉದಿಸಿದ, ಯಾವ ಬಿಡಿಯಲ್ಲಿಯೂ ಮೊದಲು ತೋರದಿದ್ದ ಹೊಸ ಶಕ್ತಿ ಅದು.

ಇದಕ್ಕೆ ನಮ್ಮ ಅಹಮದಾಬಾದಿನಲ್ಲಿಯೇ ಒಂದು ನಿದರ್ಶನವುಂಟು. 2010ರ ಮೇ ತಿಂಗಳಲ್ಲಿ ಇಲ್ಲಿಯ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ ಸುಮಾರು 1,300 ಜನ ಹೆಚ್ಚಾಗಿ ಮೃತರಾದರೆಂದು ಅನಂತರದ ಅಧ್ಯಯನ ತೋರಿಸಿತು. ವೈದ್ಯರಿದ್ದರು, ಹವಾಮಾನ ಇಲಾಖೆಯಿತ್ತು, ನೀರು ಸರಬರಾಜಿನವರಿದ್ದರು; ಇಂದ್ರ, ವರುಣ, ಯಮರೆಲ್ಲರೂ ಇದ್ದರೆನ್ನೋಣ. ಇಲ್ಲದಿದ್ದುದು ಇವರನ್ನು ಕೂಡಿಸುವ ಸೂತ್ರ. 2013ರಲ್ಲಿ ನಗರಪಾಲಿಕೆಯು ಶಾಖ ನಿರ್ವಹಣಾ ಯೋಜನೆಯನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲಿ ಇಂಥದು ಮೊದಲನೆಯದು. ಮುನ್ಸೂಚನೆ, ಆಸ್ಪತ್ರೆ, ಕುಡಿಯುವ ನೀರು, ಪ್ರಚಾರ ಎಲ್ಲವೂ ಒಂದೇ ಎಚ್ಚರಿಕೆಗೆ ಓಗೊಡುವಂತಾಯಿತು. ಈ ನಗರದ ಒಂದು ಆಸ್ಪತ್ರೆಯಲ್ಲಿ ಬಿಸಿಲಿಗೆ ಕಾದ ತಾರಸಿಯ ಕೆಳಗಿದ್ದ ನವಜಾತ ಶಿಶುಗಳ ವಾರ್ಡನ್ನು ಕೆಳಗಿನ ಅಂತಸ್ತಿಗೆ ಇಳಿಸಿದರು. ಶಾಖದಿಂದ ನರಳುವ ಶಿಶುಗಳ ಸಂಖ್ಯೆ ತಗ್ಗಿತು. ಶಿಶುವಿನ ಜ್ವರಕ್ಕೆ ಔಷಧ ಕಟ್ಟಡದಲ್ಲಿತ್ತು! ಶಿಶುವನ್ನಷ್ಟೇ ನೋಡುವ ಕಣ್ಣಿಗೆ ಅದು ಕಾಣುವಂತಿರಲಿಲ್ಲ.

ಮುಂದಿನದು ರಕ್ತಬೀಜನ ಕಥೆ. ಸಮಷ್ಟಿ ಚಿಂತನೆಗೆ ಇದಕ್ಕಿಂತ ಉತ್ತಮವಾದ ಪಾಠ ಪುರಾಣಗಳಲ್ಲಿ ಬೇರೊಂದು ಇರಲಾರದು. ಇಂದ್ರಶಕ್ತಿ ವಜ್ರದಿಂದ ಹೊಡೆದಳು, ವೈಷ್ಣವಿ ಚಕ್ರದಿಂದ ಸೀಳಿದಳು. ಪೆಟ್ಟುಗಳಲ್ಲಿ ಯಾವುದೂ ಗುರಿ ತಪ್ಪಲಿಲ್ಲ. ಆದರೆ ನೆಲಕ್ಕೆ ಬಿದ್ದ ಒಂದೊಂದು ತೊಟ್ಟು ರಕ್ತದಿಂದಲೂ ಅವನಷ್ಟೇ ಬಲಿಷ್ಠನಾದ ಮತ್ತೊಬ್ಬ ಅಸುರ ಎದ್ದುನಿಂತನು. ಹೊಡೆದಷ್ಟೂ ಶತ್ರು ಬೆಳೆದನು, ಜಗತ್ತೆಲ್ಲ ಅಸುರಮಯವಾಯಿತು. ಆಗ ಚಂಡಿಕೆಯು ಇನ್ನೂ ಬಲವಾದ ಆಯುಧವನ್ನು ಹುಡುಕಲಿಲ್ಲ. ಬಾಯನ್ನು ಅಗಲವಾಗಿ ತೆರೆದು, ರಕ್ತ ನೆಲಕ್ಕೆ ಬೀಳುವ ಮುನ್ನವೇ ಕುಡಿದುಬಿಡುವಂತೆ ಕಾಳಿಗೆ ಹೇಳಿದಳು. ಇತರರು ಅಸುರನನ್ನು ನೋಡುತ್ತಿದ್ದಾಗ ದೇವಿಯು ನೆಲವನ್ನು ನೋಡಿದಳು. ಪೆಟ್ಟಿನಿಂದ ರಕ್ತ, ರಕ್ತದಿಂದ ಅಸುರ, ಅಸುರನಿಂದ ಮತ್ತೆ ಪೆಟ್ಟು ಎಂಬ ವೃತ್ತವನ್ನು ಕಂಡು, ಅದು ಎಲ್ಲಿ ಕತ್ತರಿಸೀತೋ ಅಲ್ಲಿಯೇ ಕತ್ತರಿಸಿದಳು.

ನಮ್ಮ ವೃತ್ತಿಯವರಿಗೆ ಈ ರಕ್ತಬೀಜನು ಅಪರಿಚಿತನಲ್ಲ. 2001ರ ಮಾರ್ಚ್ ತಿಂಗಳಲ್ಲಿ ಅಹಮದಾಬಾದಿನ ಮಾಧವಪುರ ಮರ್ಕೆಂಟೈಲ್ ಸಹಕಾರಿ ಬ್ಯಾಂಕು ಶೇರು ವ್ಯವಹಾರಕ್ಕೆ ಮಿತಿಮೀರಿ ನೀಡಿದ ಸಾಲದಿಂದ ಕುಸಿಯಿತು. ಠೇವಣಿದಾರರು ಸಾಲುಗಟ್ಟಿದರು. ಆ ಬ್ಯಾಂಕಿನಲ್ಲಿ ಹಣವಿಟ್ಟಿದ್ದ ಇತರ ಸಹಕಾರಿ ಬ್ಯಾಂಕುಗಳೂ ಸಂಕಟಕ್ಕೆ ಸಿಲುಕಿದವು. ತನ್ನ ಉಳಿತಾಯವನ್ನು ರಕ್ಷಿಸಿಕೊಳ್ಳಲು ಓಡುವ ಒಬ್ಬೊಬ್ಬನೂ ಬುದ್ಧಿವಂತನೇ; ಆದರೆ ಎಲ್ಲರೂ ಒಮ್ಮೆಗೇ ಓಡಿದರೆ ಸದೃಢವಾದ ಬ್ಯಾಂಕೂ ನಿಲ್ಲಲಾರದು. ಭಯವೇ ಭಯದ ಬೀಜವಾಗುತ್ತದೆ. ನಮ್ಮ ದೇಶದಲ್ಲಿ 1962ರಿಂದ ಇರುವ, 2020ರ ಫೆಬ್ರವರಿಯಿಂದ 5 ಲಕ್ಷ ರೂಪಾಯಿಗಳವರೆಗೆ ಏರಿಸಲ್ಪಟ್ಟ ಠೇವಣಿ ವಿಮೆಯು ಯಾವೊಬ್ಬ ಠೇವಣಿದಾರನನ್ನೂ ಗದರಿಸುವುದಿಲ್ಲ. ಭಯದ ತೊಟ್ಟು ನೆಲಕ್ಕೆ ಬೀಳದಂತೆ ಅದು ನಾಲಗೆಯನ್ನು ಚಾಚಿ ನಿಂತಿದೆ, ಅಷ್ಟೆ.

ಸೂರತಿನ ಬಂಧುಗಳಿಗೆ ಇನ್ನೂ ಘೋರವಾದ ನೆನಪಿದೆ. 1994ರ ಸೆಪ್ಟೆಂಬರ್ ತಿಂಗಳಲ್ಲಿ, ನವರಾತ್ರಿಗೆ ಎರಡು ವಾರಗಳಿರುವಾಗ, ಆ ನಗರದಲ್ಲಿ ಶ್ವಾಸಕೋಶದ ಪ್ಲೇಗು ತಲೆದೋರಿತು. ಸುಮಾರು 50 ಜನ ತೀರಿಕೊಂಡರು. ಲಕ್ಷಾಂತರ ಜನ ಕೆಲವೇ ದಿನಗಳಲ್ಲಿ ಊರು ತೊರೆದರು. ಓಡಿದವರು ತಮ್ಮೊಡನೆ ಭೀತಿಯನ್ನೂ ಒಯ್ದರು. ದೂರದೂರದ ಪಟ್ಟಣಗಳಲ್ಲಿ ರೋಗವಿಲ್ಲದವರೂ ಟೆಟ್ರಾಸೈಕ್ಲಿನ್ ಗುಳಿಗೆಗಳನ್ನು ಕೂಡಿಟ್ಟುಕೊಂಡರು. ಗುಳಿಗೆ ಬೇಕಾದುದೇ ಸರಿ, ಅದು ಪ್ರಾಣಗಳನ್ನು ಉಳಿಸಿತು. ಆದರೆ ಮೂಲವಿದ್ದುದು ನೆಲದಲ್ಲಿ: ಮಳೆಯ ನೆರೆಯ ಬಳಿಕ ಕೊಳೆತು ಬಿದ್ದಿದ್ದ ಕಸದಲ್ಲಿ, ಕಟ್ಟಿದ ಚರಂಡಿಗಳಲ್ಲಿ, ನಗರವನ್ನು ತನ್ನ ದುಡಿಮೆಯಿಂದ ಶ್ರೀಮಂತಗೊಳಿಸಿದ ಕೂಲಿಕಾರನ ಕೇರಿಗೆ ಏನೂ ಸಲ್ಲದಿದ್ದುದರಲ್ಲಿ.

1995ರಲ್ಲಿ ಎಸ್. ಆರ್. ರಾವ್ ಅವರು ನಗರಪಾಲಿಕೆಯ ಆಯುಕ್ತರಾಗಿ ಬಂದು ಮಾಡಿದುದು ಈ ನೆಲದ ಕೆಲಸವನ್ನೇ. ಅಧಿಕಾರಿಗಳು ತಣ್ಣನೆಯ ಕೋಣೆಗಳಿಂದೆದ್ದು ದಿನವೂ ಬೀದಿಗೆ ಇಳಿಯಬೇಕಾಯಿತು. ಅಧಿಕಾರವನ್ನು ವಲಯಗಳಿಗೆ ಹಂಚಲಾಯಿತು. ಕೊಳೆಗೇರಿಗಳಿಗೆ ಕಲ್ಲುಹಾಸು, ನೀರು, ಶೌಚಾಲಯಗಳು ಬಂದವು. ಶುಚಿಯಿಲ್ಲದ ಉಪಾಹಾರಗೃಹಗಳಿಗೆ, ಅವು ಯಾರವೇ ಆಗಿರಲಿ, ದಂಡ ಬಿತ್ತು. 1996ರಲ್ಲಿ ಇಂಟ್ಯಾಕ್ ಸಂಸ್ಥೆಯು ಚಂಡೀಗಢದ ಅನಂತರ ದೇಶದ ಎರಡನೆಯ ಸ್ವಚ್ಛ ನಗರವೆಂದು ಸೂರತನ್ನು ಗುರುತಿಸಿತು. 2023ರ ಸ್ವಚ್ಛ ಸರ್ವೇಕ್ಷಣದಲ್ಲಿ ಅದು ಇಂದೋರಿನೊಡನೆ ಪ್ರಥಮ ಸ್ಥಾನವನ್ನು ಹಂಚಿಕೊಂಡಿತು. ಕಸಗುಡಿಸುವವನ ಪೊರಕೆಯೂ ಆಯುಧಪೂಜೆಯಲ್ಲಿ ಕುಂಕುಮಕ್ಕೆ ಅರ್ಹ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೇ?

ರಕ್ತಬೀಜನ ನೆತ್ತರನ್ನು ಕುಡಿದ ಆ ಕಾಳಿಯೇ ವಡೋದರೆಯ ಸಮೀಪದ ಪಾವಾಗಢ ಬೆಟ್ಟದ ಶಿಖರದಲ್ಲಿ ಕಾಲಿಕಾ ಮಾತೆಯಾಗಿ ನೆಲೆಸಿದ್ದಾಳೆ. ಆಕೆಯ ಬೆಟ್ಟದಲ್ಲಿ ಹುಟ್ಟುವ ವಿಶ್ವಾಮಿತ್ರಿ ನದಿ ವಡೋದರಾ ನಗರದ ನಡುವೆ ಹರಿದು, ಢಾಢರ ನದಿಯನ್ನು ಕೂಡಿ, ಖಂಭಾತ ಕೊಲ್ಲಿಯನ್ನು ಸೇರುತ್ತದೆ. ಬೆಟ್ಟವೇರಿ ಅಮ್ಮನಿಗೆ ಕೈಮುಗಿದು ಬರುವ ನಾವು, ಆಕೆಯ ಪಾದದಿಂದ ಇಳಿದ ನದಿಯ ಕೊರಕಲುಗಳಿಗೆ ಮಣ್ಣು ತುಂಬುತ್ತೇವೆ, ಕಸ ಎಸೆಯುತ್ತೇವೆ. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿ ಮನೆಮನೆಗೆ ನುಗ್ಗಿತು. ನದಿಯಲ್ಲಿ ವಾಸಿಸುವ ಮೊಸಳೆಗಳು ಬೀದಿಗೆ ಬಂದವು. ಮೊಸಳೆ ನಮ್ಮ ಮನೆಗೆ ಬಂದಿತೆಂದು ನಾವು ಬೊಬ್ಬೆಯಿಟ್ಟೆವು. ನದಿಯ ಮನೆಗೆ ನಾವು ಎಂದು ಹೋದೆವು ಎಂಬುದನ್ನು ಯಾರೂ ಕೇಳಿಕೊಳ್ಳಲಿಲ್ಲ. ಅನ್ನದಿಂದ ಪ್ರಾಣಿಗಳು, ಮಳೆಯಿಂದ ಅನ್ನ, ಯಜ್ಞದಿಂದ ಮಳೆ, ಕರ್ಮದಿಂದ ಯಜ್ಞ ಎಂದು ಗೀತೆಯ ಮೂರನೆಯ ಅಧ್ಯಾಯ ಒಂದು ಚಕ್ರವನ್ನು ಹೇಳುತ್ತದೆ. ಅದನ್ನು ಮುಂದುವರಿಸದವನ ಬಾಳು ವ್ಯರ್ಥವೆನ್ನುತ್ತದೆ. ಕೊಡುವ ಕೈಯನ್ನು ನಿಲ್ಲಿಸಿ ತೆಗೆದುಕೊಳ್ಳುವ ಕೈಯನ್ನು ಮಾತ್ರ ಚಾಚಿದರೆ ಚಕ್ರ ಮುರಿಯುತ್ತದೆ.

ಇಲ್ಲಿ ಒಂದು ಸಂದೇಹವನ್ನು ಎತ್ತಲೇಬೇಕು. ಇಡಿಯೇ ದೊಡ್ಡದಾದರೆ ಬಿಡಿಯನ್ನು ಅದಕ್ಕಾಗಿ ಬಲಿಗೊಡಬಹುದೇ? ಲೋಕದಲ್ಲಿ ಹಾಗೆ ನಡೆದಿದೆ, ನಡೆಯುತ್ತಲೂ ಇದೆ. ಸೂರತಿನಿಂದ ಸುಮಾರು 100 ಕಿಲೋಮೀಟರು ಮೇಲೆ ತಾಪಿ ನದಿಗೆ ಕಟ್ಟಿ 1972ರಲ್ಲಿ ಮುಗಿಸಿದ ಉಕಾಯಿ ಅಣೆಕಟ್ಟನ್ನು ನೋಡಿ. ಅದು ಹೊಲಗಳಿಗೆ ನೀರನ್ನೂ ಮನೆಗಳಿಗೆ ವಿದ್ಯುತ್ತನ್ನೂ ಕೊಟ್ಟಿತು, ನಿಜ. ಆದರೆ ಅದರ ಹಿನ್ನೀರಿನಲ್ಲಿ ಮುಳುಗಿದುದು ಅನೇಕ ಬುಡಕಟ್ಟು ಜನರ ಊರುಗಳು. ಸರ್ವರ ಹಿತವೆಂದವರು ನಗರದಲ್ಲಿದ್ದರು, ಬೆಲೆ ತೆತ್ತವರು ಕಾಡಿನಲ್ಲಿದ್ದರು. ಬೇಸಗೆಗೆ ನೀರು ಬೇಕೆಂದರೆ ಜಲಾಶಯ ತುಂಬಿರಬೇಕು, ನೆರೆಯನ್ನು ತಡೆಯಬೇಕೆಂದರೆ ಅದು ಬರಿದಾಗಿರಬೇಕು. 2006ರ ಆಗಸ್ಟಿನಲ್ಲಿ ಮೇಲಿನಿಂದ ಮಹಾಪೂರ ಬಂದಾಗ ಅಣೆಕಟ್ಟಿನಿಂದ ಒಮ್ಮೆಗೇ ಬಿಡಬೇಕಾದ ನೀರಿನಲ್ಲಿ ಸೂರತಿನ ಬಹುಭಾಗ ಮುಳುಗಿತು. ಇಡಿಯನ್ನು ಬಲ್ಲೆವೆಂದವರಿಗೂ ಇಡಿಯು ಪೂರ್ತಿ ತಿಳಿದಿರುವುದಿಲ್ಲ.

ಆದುದರಿಂದಲೇ ನಮ್ಮ ಆಚಾರ್ಯರು ಬಿಡಿಯನ್ನು ಅಳಿಸಿಹಾಕಲಿಲ್ಲ. ಶರೀರ ಒಂದೇ ಎಂದ ರಾಮಾನುಜರು ಜೀವನು ಮುಕ್ತಿಯಲ್ಲಿಯೂ ತನ್ನತನವನ್ನು ಕಳೆದುಕೊಳ್ಳನೆಂದರು. ಮಧ್ವರು ಭೇದವನ್ನು ಸತ್ಯವೆಂದೇ ಸಾರಿದರು. ದೇವಿಯ ಕಥೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಪ್ರತಿಯೊಬ್ಬ ದೇವತೆಯೂ ತನ್ನ ತೇಜಸ್ಸನ್ನು, ತನ್ನ ಆಯುಧವನ್ನು ಕೊಟ್ಟನು. ಪಕ್ಕದವನ ಆಯುಧವನ್ನು ಕಸಿದು ಕೊಟ್ಟವನು ಒಬ್ಬನೂ ಇಲ್ಲ. ಸಮಷ್ಟಿಯ ಹೆಸರು ಹೇಳುವವನು ತನ್ನದರಲ್ಲಿ ಏನನ್ನು ಕೊಟ್ಟನು ಎಂದು ಕೇಳುವುದು ನಮ್ಮ ಹಕ್ಕು. ತನ್ನದನ್ನು ಕೊಟ್ಟರೆ ಅದು ಯಜ್ಞ. ಪರರದನ್ನು ಕೊಟ್ಟರೆ ಅದು ಕೊಲೆ.

ಕೊನೆಯದಾಗಿ, ಪರಸ್ಥಳದಲ್ಲಿ ಬಾಳುವ ನಮ್ಮ ಮಾತು. ಹೊಟ್ಟೆಪಾಡಿಗೆ ಬಂದವರು ನಾವು, ಊರಿನ ಉಸಾಬರಿ ನಮಗೇಕೆ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಒಳಗೊಳಗೇ ಇರುತ್ತದೆ. ನಮ್ಮ ಹಬ್ಬ, ನಮ್ಮ ಸಂಘ, ನಮ್ಮ ಬೊಂಬೆ ಸಾಕೆನಿಸುತ್ತದೆ. ಗೀತೆಯ ಅಳತೆಯಲ್ಲಿ ಇದು ತುಣುಕನ್ನೇ ಇಡಿಯೆಂದು ತಿಳಿಯುವ ಜ್ಞಾನ. ನಾವು ಕುಡಿಯುವ ನೀರು ಇಲ್ಲಿಯ ನದಿಗಳದು; ನಾವು ಬಿಡುವ ಕೊಳೆನೀರು ಸೇರುವುದೂ ಇಲ್ಲಿಯ ನದಿಗಳನ್ನೇ. ಬರೋಡೆಯಲ್ಲಿ ಸಯಾಜಿರಾವ್ ಮಹಾರಾಜರು 1908ರಲ್ಲಿ ಸ್ಥಾಪಿಸಿದ ಬ್ಯಾಂಕ್ ಆಫ್ ಬರೋಡಾದೊಡನೆ, ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಒಂದಾಯಿತು. ನೇತ್ರಾವತಿಯ ದಡದ ರೈತನ ಉಳಿತಾಯವೂ ವಿಶ್ವಾಮಿತ್ರಿಯ ದಡದ ವ್ಯಾಪಾರಿಯ ಉಳಿತಾಯವೂ ಇಂದು ಒಂದೇ ಲೆಕ್ಕದೊಳಗೆ ಇವೆ. ನಾವು ಬೇರೆ, ಅವರು ಬೇರೆ ಎಂಬ ಗೆರೆಯನ್ನು ಎಲ್ಲಿ ಎಳೆಯುವುದು? ಭಾಷೆ ಬೇರೆಯಿರಲಿ, ಅದು ನಮ್ಮ ತೇಜಸ್ಸು. ಅದನ್ನು ಉಳಿಸಿಕೊಂಡೇ ಕೂಡಬೇಕು.

ಈ ಆಯುಧಪೂಜೆಯ ದಿನ ಲೇಖನಿಗೋ, ತಕ್ಕಡಿಗೋ, ವಾಹನಕ್ಕೋ, ಗಣಕಯಂತ್ರಕ್ಕೋ ಅರಸಿನ ಕುಂಕುಮವಿಡುವಾಗ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ಈ ಆಯುಧದಿಂದ ನಾನು ಮಾಡುವ ಕೆಲಸ ನನ್ನ ಕೈಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತದೆ? ಅದರ ಭಾರವನ್ನು ಹೊರುವವರು ಯಾರು? ಅದು ಯಾವ ರೂಪದಲ್ಲಿ ಮರಳಿ ಬರುತ್ತದೆ? ಉತ್ತರ ಒಂದೇ ದಿನದಲ್ಲಿ ದೊರೆಯಲಾರದು. ಆದರೆ ಕೇಳುವ ಅಭ್ಯಾಸವೇ ಸಾತ್ತ್ವಿಕ ಜ್ಞಾನದ ಮೊದಲ ಮೆಟ್ಟಿಲು. ಎಲ್ಲವೂ ಒಂದೇ ಎಂದು ಕಣ್ಣುಮುಚ್ಚಿ ಹೇಳುವುದು ಸುಲಭ. ಯಾವುದು ಯಾವುದಕ್ಕೆ ಹೇಗೆ ಕೂಡಿಕೊಂಡಿದೆ ಎಂಬುದನ್ನು ಕಣ್ಣುತೆರೆದು ನೋಡಿ, ಅದಕ್ಕೆ ತಕ್ಕಂತೆ ತನ್ನ ಪಾಲನ್ನು ಸಲ್ಲಿಸುವುದೇ ನಿಜವಾದ ಆರಾಧನೆ.

ಬಿಡಿಗಳ ತೇಜಸ್ಸಿನಿಂದ ಮೈದಳೆದ ಆ ಆದಿಶಕ್ತಿ, ಮೈಸೂರಿನ ಬೆಟ್ಟದಲ್ಲಿ ಚಾಮುಂಡೇಶ್ವರಿಯಾಗಿ, ಪಾವಾಗಢದಲ್ಲಿ ಕಾಲಿಕೆಯಾಗಿ ನಮ್ಮೆರಡು ನೆಲಗಳನ್ನೂ ಕಾಯುತ್ತಿರುವ ತಾಯಿ, ಅಹಮದಾಬಾದು, ವಡೋದರಾ, ಸೂರತ್ ನಗರಗಳ ಸಮಸ್ತ ಜನರಿಗೂ ಸನ್ಮಂಗಳವನ್ನು ಉಂಟುಮಾಡಲಿ. ತುಣುಕಿನಲ್ಲಿಯೇ ನಿಂತುಹೋಗದ ದೃಷ್ಟಿಯನ್ನು ನಮಗೆ ಕರುಣಿಸಲಿ ಎಂದು ಪ್ರಾರ್ಥಿಸುತ್ತೇನೆ.

ಸರ್ವೇ ಜನಾಃ ಸುಖಿನೋ ಭವಂತು.